ಹಣ್ಣು ಕಾಫಿಯೂ ನನ್ನ ಕಣ್ಣೂ

ನಾನು ಹದಿನಾಲ್ಕು ವರ್ಷದವನಿದ್ದಾಗ ಕ್ರಿಸ್ಮಸ್ ರಜೆಗೆಂದು ಮೂಡಿಗೆರೆಯ ಕಡೆಯಿರುವ ಸೋದರಮಾವನ ತೋಟಕ್ಕೆ ಹೋಗಿದ್ದೆ. ಅರೇಬಿಕಾ ಕೊಯ್ಲು ಭರದಲ್ಲಿ ಸಾಗಿತ್ತು. ಮನೆಯಲ್ಲಿ ಸುಮ್ಮನೆ ಕುಳಿತು ತಿನ್ನುವ ಬದಲು ನಾಲ್ಕು ಗಿಡವನ್ನಾದರೂ ಕೊಯ್ಯಲಿ ಎಂದು ಮಾವ ನನ್ನ ಸೊಂಟಕ್ಕೊಂದು ಚೀಲ ಕಟ್ಟಿ, ಹಣ್ಣನ್ನು ಮಾತ್ರ ಕೊಯ್ಯಬೇಕು, ಕಾಯಿಯನ್ನು ಮುಟ್ಟಬಾರದು ಎಂದು ಎರಡೆರಡು ಸಲ ಹೇಳಿ, ಕೆಲಸದ ಹೆಂಗಸರ ಸಾಲಿನಲ್ಲಿ ನಿಲ್ಲಿಸಿದರು. ಪಕ್ಕದ ಸಾಲಿನಲ್ಲಿದ್ದ ಹೆಂಗಸು ಇನ್ನೊಬ್ಬಳೊಡನೆ ಮಾತನಾಡುತ್ತಲೇ ಎರಡೂ ಕೈಗಳಿಂದ ಕೊಯ್ಯುತ್ತಿದ್ದಳು. ಒಂದು ಹಣ್ಣು ಕೈಗೆ ಬರುವ ಹೊತ್ತಿಗೆ ಅವಳ ಕಣ್ಣು ಆಗಲೇ ಮುಂದಿನ ಹಣ್ಣಿನ ಮೇಲೆ ಇರುತ್ತಿತ್ತು. ನಾನಾದರೋ ಒಂದೊಂದು ಗೊಂಚಲನ್ನೂ ಹತ್ತಿರಕ್ಕೆ ಬಾಗಿಸಿಕೊಂಡು, ಒಂದೊಂದು ಕಾಳನ್ನೂ ಬೆರಳಿನಿಂದ ತಿರುಗಿಸಿ ನೋಡಿ, ಇದು ಹಣ್ಣೋ ಕಾಯೋ ಎಂದು ತೀರ್ಮಾನಿಸಿ ಕೀಳುತ್ತಿದ್ದೆ. ಅವಳು ಮೂರು ಗಿಡ ಮುಗಿಸುವಷ್ಟರಲ್ಲಿ ನನ್ನ ಒಂದು ಗಿಡವೂ ಮುಗಿದಿರಲಿಲ್ಲ. ಸಾಲದ್ದಕ್ಕೆ ಸಂಜೆ ಕಣದಲ್ಲಿ ತೂಕಕ್ಕೆ ಮೊದಲು ನನ್ನ ಚೀಲವನ್ನು ಸುರಿದಾಗ ಮಾವ ಬಗ್ಗಿ ನೋಡಿ, "ಏನೋ ಇದು, ನಡುನಡುವೆ ಕಾಯೂ ಇದೆಯಲ್ಲೋ!" ಎಂದರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅದು ಸೋಮಾರಿತನವಲ್ಲ ಎಂಬುದು ಎಂಟು ವರ್ಷಗಳ ಬಳಿಕ, ಕೆಲಸಕ್ಕೆ ಸೇರುವ ಮುನ್ನ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ತಿಳಿಯಿತು. ಜಪಾನಿನ ನೇತ್ರವೈದ್ಯ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ, ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿಗಳನ್ನು ಅಡಗಿಸಿಟ್ಟ ಆ ಪ್ರಸಿದ್ಧ ಹಾಳೆಗಳನ್ನು ವೈದ್ಯರು ಒಂದೊಂದಾಗಿ ಮಗುಚುತ್ತಾ ಹೋದರು. ನಾನು ಕೆಲವು ಹಾಳೆಗಳಲ್ಲಿ ಅಂಕಿಯ ಬದಲು ಬರಿಯ ಚುಕ್ಕಿಗಳನ್ನೇ ನೋಡುತ್ತಾ ಕುಳಿತಿದ್ದೆ. ನನ್ನದು ಕೆಂಪು–ಹಸಿರು ಬಣ್ಣಗಳ ವಿಷಯದಲ್ಲಿ ಸ್ವಲ್ಪ ದುರ್ಬಲವಾದ ಕಣ್ಣು. ಇದು ಅಪರೂಪದ್ದೇನೂ ಅಲ್ಲ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8 ಪ್ರತಿಶತ ಮಂದಿಗೆ ಇಂಥ ಏನಾದರೊಂದು ವ್ಯತ್ಯಾಸವಿರುತ್ತದೆ, ಹೆಂಗಸರಲ್ಲಿ ಅದು ಅರ್ಧ ಪ್ರತಿಶತದಷ್ಟು ಮಾತ್ರ. ಎಕ್ಸ್ ವರ್ಣತಂತುವಿನ ಮೂಲಕ ಬರುವ ಗುಣವಾದ್ದರಿಂದ ತಾಯಿಯ ತಂದೆಯಿಂದ ಮೊಮ್ಮಗನಿಗೆ ಇಳಿಯುವುದುಂಟು. ಅದೇ ತೋಟವನ್ನು ಮಾಡಿದ ನನ್ನ ಅಜ್ಜ ಹಣ್ಣನ್ನು ಎಂದೂ ನೋಡಿ ಹೇಳುತ್ತಿರಲಿಲ್ಲ, ಹಿಚುಕಿಯೇ ಹೇಳುತ್ತಿದ್ದರು ಎಂದು ಅಮ್ಮ ಆಮೇಲೆ ನೆನಪಿಸಿಕೊಂಡರು.

ಜನ ಸಾಮಾನ್ಯವಾಗಿ ತಪ್ಪು ತಿಳಿಯುವ ಒಂದು ಸಂಗತಿಯನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ನನಗೆ ಕೆಂಪು ಕಾಣುವುದಿಲ್ಲವೆಂದಲ್ಲ. ಮಾಗಿದ ಕಾಫಿ ಹಣ್ಣನ್ನು ಅಂಗೈಯಲ್ಲಿಟ್ಟರೆ ಅದು ಕೆಂಪೆಂದು ನಾನು ಹೇಳಬಲ್ಲೆ. ಆದರೆ ಎರಡು ಮಾರು ದೂರದಲ್ಲಿ, ಎಲೆಗಳ ನಡುವೆ, ನೆರಳುಬಿಸಿಲಿನ ಚುಕ್ಕೆಗಳ ಕೆಳಗೆ ಅದೇ ಹಣ್ಣು ನನ್ನನ್ನು ಕರೆಯುವುದಿಲ್ಲ. ಬಣ್ಣವನ್ನು ಗುರುತಿಸುವುದು ಒಂದು ಕೆಲಸ, ಬಣ್ಣದಿಂದ ಕರೆಯಿಸಿಕೊಳ್ಳುವುದು ಇನ್ನೊಂದು. ಇವೆರಡರ ಅಂತರವನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಸೊಂಟದ ಚೀಲದಿಂದ ಕಲಿತಿದ್ದೆ.

ಈ ಕರೆಯುವಿಕೆಗೆ ಕನ್ನಡದಲ್ಲಿ ಬಹಳ ಒಳ್ಳೆಯ ಮಾತಿದೆ: ಎದ್ದು ಕಾಣುವುದು. ನೂರು ವಸ್ತುಗಳು ಕುಳಿತಿರುವಾಗ ಒಂದು ಮಾತ್ರ ಎದ್ದು ನಿಂತ ಹಾಗೆ. ಮನೋವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಳೆದದ್ದೂ ಇದನ್ನೇ. ಇಂಗ್ಲೆಂಡಿನಲ್ಲಿ ಹುಟ್ಟಿದ ಆನ್ ಟ್ರೀಸ್ಮನ್ ಅವರು ಗ್ಯಾರಿ ಜೆಲೇಡ್ ಜೊತೆಗೂಡಿ 1980ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಈಗಲೂ ಎಲ್ಲರೂ ಮೊದಲು ಹೆಸರಿಸುವಂಥದ್ದು. ಅವರು ನೋಡುಗರ ಮುಂದೆ 1, 5, 15 ಇಲ್ಲವೇ 30 ಅಕ್ಷರಗಳಿದ್ದ ಚಿತ್ರಗಳನ್ನು ಹಿಡಿದು, ಹುಡುಕಬೇಕಾದ ಅಕ್ಷರ ಅದರಲ್ಲಿದೆಯೇ ಇಲ್ಲವೇ ಎಂದು ಗುಂಡಿ ಒತ್ತಿ ಹೇಳಲು ಕೇಳಿದರು. ಕಂದು ಮತ್ತು ಹಸಿರು ಅಕ್ಷರಗಳ ನಡುವೆ ನೀಲಿಯೊಂದು ಇದ್ದರೆ, ಅಕ್ಷರಗಳು ಐದಿರಲಿ ಮೂವತ್ತಿರಲಿ, ಅದನ್ನು ಕಂಡುಹಿಡಿಯಲು ಹಿಡಿದ ಸಮಯ ಹೆಚ್ಚುಕಡಿಮೆ ಒಂದೇ. ಆದರೆ ಕಂದು ಬಣ್ಣದ 'ಟಿ'ಗಳ ಮತ್ತು ಹಸಿರು ಬಣ್ಣದ 'ಎಕ್ಸ್'ಗಳ ನಡುವೆ ಹಸಿರು 'ಟಿ'ಯೊಂದನ್ನು ಹುಡುಕಬೇಕಾದಾಗ, ಅಂದರೆ ಬಣ್ಣ ಮತ್ತು ಆಕಾರ ಎರಡನ್ನೂ ಜೋಡಿಸಿ ನೋಡಬೇಕಾದಾಗ, ಹೆಚ್ಚಾದ ಪ್ರತಿ ಅಕ್ಷರಕ್ಕೂ ಸುಮಾರು 30 ಮಿಲಿಸೆಕೆಂಡಿನಷ್ಟು ಸಮಯ ಕೂಡುತ್ತಾ ಹೋಯಿತು. ಹುಡುಕುವ ಅಕ್ಷರ ಚಿತ್ರದಲ್ಲಿ ಇಲ್ಲದೇ ಇದ್ದಾಗ ಆ ಸಮಯ ಅದರ ಎರಡರಷ್ಟನ್ನೂ ಮೀರಿತು. ಇದೆ ಎನ್ನಲು ಸಿಕ್ಕಿದ ಕೂಡಲೇ ನಿಲ್ಲಿಸಬಹುದು, ಇಲ್ಲ ಎನ್ನಲು ಎಲ್ಲವನ್ನೂ ತಡಕಲೇಬೇಕು. ಮೊದಲನೆಯದು ಪಕ್ಕದ ಸಾಲಿನ ಹೆಂಗಸು ಕೊಯ್ಯುತ್ತಿದ್ದ ರೀತಿ, ಎರಡನೆಯದು ನಾನು ಕೊಯ್ಯುತ್ತಿದ್ದ ರೀತಿ ಎಂದು ಆ ಪ್ರಬಂಧದ ಬಗ್ಗೆ ಮೊದಲು ಓದಿದಾಗ ಅನ್ನಿಸಿ, ಹಳೆಯ ನಗು ಮತ್ತೊಮ್ಮೆ ಕಿವಿಗೆ ಬಿತ್ತು.

ಕಣ್ಣಿಗೆ ಇಂಥ ಕರೆ ಏಕೆ ಬೇಕೆಂಬುದು ಕಣ್ಣಿನ ರಚನೆಯಲ್ಲೇ ಇದೆ. ನಮಗೆ ಎದುರಿನದೆಲ್ಲ ಒಮ್ಮೆಗೇ ಸ್ಪಷ್ಟವಾಗಿ ಕಾಣುತ್ತಿದೆ ಎಂಬ ಭಾವನೆ ಇರುತ್ತದೆ. ನಿಜದಲ್ಲಿ, ಕೈಯನ್ನು ನೇರ ಚಾಚಿದಾಗ ಹೆಬ್ಬೆರಳಿನ ಉಗುರು ಮುಚ್ಚುವಷ್ಟು ಜಾಗ ಮಾತ್ರ ತೀರ ಸ್ಪಷ್ಟ, ಉಳಿದುದೆಲ್ಲ ಮಸುಕು. ಆ ಉಗುರಿನಷ್ಟು ಕಿಟಕಿಯನ್ನು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಅತ್ತಿತ್ತ ಹಾರಿಸುತ್ತಾ ಕೆಲಸ ನಡೆಸುತ್ತದೆ. ಹೀಗಾಗಿ ಮುಂದಿನ ಹಾರಿಕೆ ಎಲ್ಲಿಗೆ ಎಂಬ ಪ್ರಶ್ನೆ ಪ್ರತಿ ಸೆಕೆಂಡಿಗೂ ಹಲವು ಬಾರಿ ಏಳುತ್ತದೆ. ಮಸುಕಿನಲ್ಲಿ ಅಕ್ಷರ ಓದಲಾಗದು, ಮುಖ ಗುರುತಿಸಲಾಗದು, ಆದರೆ ಬಣ್ಣದ ದೊಡ್ಡ ವ್ಯತ್ಯಾಸ ಅಲ್ಲಿಯೂ ಸಿಗುತ್ತದೆ. ಅಲ್ಲೇನೋ ಕೆಂಪಗಿದೆ ಎಂಬಷ್ಟು ಸುದ್ದಿ ಸಿಕ್ಕರೆ ಸಾಕು, ಕಣ್ಣು ಅತ್ತ ಹಾರುತ್ತದೆ.

ಆ ಸುದ್ದಿ ನನ್ನಲ್ಲಿ ಹುಟ್ಟುವುದೇ ದುರ್ಬಲವಾಗಿ. ಅಕ್ಷಿಪಟಲದಲ್ಲಿ ಬಣ್ಣ ಹಿಡಿಯುವ ಶಂಕು ಕೋಶಗಳು ಮೂರು ಬಗೆ. ಅವುಗಳಲ್ಲಿ ಎರಡು ಬಗೆಯವು ಬೆಳಕಿನ ಸುಮಾರು 530 ಮತ್ತು 560 ನ್ಯಾನೋಮೀಟರ್ ತರಂಗಾಂತರಗಳ ಸುತ್ತ ಅತಿ ಹೆಚ್ಚು ಸ್ಪಂದಿಸುತ್ತವೆ. ಎರಡರ ನಡುವಿನ ಅಂತರ ಬರಿಯ 30 ನ್ಯಾನೋಮೀಟರ್. ಕೆಂಪು–ಹಸಿರಿನ ಇಡೀ ಲೋಕ ನಿಂತಿರುವುದು ಈ ಎರಡು ಕೋಶಗಳ ಸ್ಪಂದನದ ಸಣ್ಣ ವ್ಯವಕಲನದ ಮೇಲೆ. ನನ್ನಂಥವರಲ್ಲಿ ಒಂದು ಬಗೆಯ ಕೋಶದ ಒಲವು ಇನ್ನೊಂದರ ಕಡೆಗೆ ವಾಲಿರುವುದರಿಂದ ಕಳೆದಾಗ ಉಳಿಯುವ ಶೇಷ ತೀರ ಕಡಿಮೆ. ಹತ್ತಿರದಿಂದ ಒಂದನ್ನೇ ನೋಡಿದರೆ ಆ ಶೇಷ ಸಾಕಾಗುತ್ತದೆ, ಇಡೀ ಗಿಡದ ಗದ್ದಲದಲ್ಲಿ ಸಾಕಾಗುವುದಿಲ್ಲ.

ಗದ್ದಲ ಎಂದೆ. ಅದಕ್ಕೆ ಕಾರಣವಿದೆ. ಬಣ್ಣ ಎದ್ದು ಕಾಣುವುದು ಆ ಬಣ್ಣದ ಸ್ವಂತ ಗುಣದಿಂದ ಎಂದು ನಾವು ಮಾತನಾಡುತ್ತೇವೆ. ಕೆಂಪು ಕಣ್ಣಿಗೆ ರಾಚುತ್ತದೆ, ಬೂದಿ ಬಣ್ಣ ಪೆಚ್ಚು ಎನ್ನುತ್ತೇವೆ. ನನ್ನ ಅಜ್ಜಿ ಅಕ್ಕಿ ಆರಿಸುವುದನ್ನು ನೋಡಿದವರು ಹಾಗೆ ಹೇಳಲಾರರು. ಅವರು ಹಗಲು ಹೊತ್ತಿನಲ್ಲಿ ನಡುಮನೆಯ ಬಾಗಿಲ ಬಳಿ ಮೊರ ಹಿಡಿದು ಕೂರುತ್ತಿದ್ದರು. ಮೊದಲು ಮೊರವನ್ನು ಒಮ್ಮೆ ಕೇರಿ ಅಕ್ಕಿಯನ್ನು ಹರಡಿದರೆ ಕಪ್ಪು ಕಲ್ಲುಗಳನ್ನು ಹೆಕ್ಕುವುದು ಒಂದು ನಿಮಿಷದ ಕೆಲಸ, ಅವರ ಬೆರಳು ನೇರವಾಗಿ ಕಲ್ಲಿನ ಮೇಲೇ ಇಳಿಯುತ್ತಿತ್ತು. ಆಮೇಲೆ ಶುರುವಾಗುತ್ತಿತ್ತು ಬಿಳಿ ಕಲ್ಲಿನ ಕೆಲಸ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರ. ಅದಕ್ಕೆ ಅವರು ಒಂದು ಹಿಡಿಯಷ್ಟು ಅಕ್ಕಿಯನ್ನು ಮೊರದ ಮೂಲೆಯಿಂದ ತೋರುಬೆರಳಿನಲ್ಲಿ ತಮ್ಮತ್ತ ಎಳೆದು, ತೆಳ್ಳಗೆ ಸಾಲಾಗಿ ಹರಡಿ, ಕಣ್ಣನ್ನು ಆ ಸಾಲಿನ ಉದ್ದಕ್ಕೂ ನಡೆಸಿ, ಮುಗಿದದ್ದನ್ನು ಇನ್ನೊಂದು ಮೂಲೆಗೆ ದೂಡಿ, ಮತ್ತೆ ಒಂದು ಹಿಡಿ ಎಳೆಯುತ್ತಿದ್ದರು. ನಡುವೆ ಯಾರಾದರೂ ಮಾತನಾಡಿಸಿದರೆ ಕೈ ನಿಲ್ಲುತ್ತಿತ್ತು. ಕಪ್ಪು ಕಲ್ಲು ಹೆಕ್ಕುವಾಗ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದ ಅದೇ ಅಜ್ಜಿ ಬಿಳಿ ಕಲ್ಲಿಗೆ ಬಂದ ಕೂಡಲೇ ಮೌನಿಯಾಗುತ್ತಿದ್ದರು. ಇನ್ನು ಎಳ್ಳನ್ನು ಆರಿಸುವಾಗ ಲೆಕ್ಕ ತಿರುಗಾಮುರುಗಾ: ಕರಿ ಎಳ್ಳಿನಲ್ಲಿ ಬಿಳಿ ಕಲ್ಲು ತಾನಾಗಿ ಸಿಗುತ್ತದೆ, ಕಪ್ಪು ಕಲ್ಲು ಹಲ್ಲಿಗೇ ಸಿಗುವುದು.

ಜಾನ್ ಡಂಕನ್ ಮತ್ತು ಗ್ಲಿನ್ ಹಂಫ್ರೀಸ್ 1989ರಲ್ಲಿ ಬರೆದ ಪ್ರಬಂಧದ ತಿರುಳು ಹೆಚ್ಚುಕಡಿಮೆ ಇದೇ ಮೊರದಲ್ಲಿದೆ. ಹುಡುಕುವ ವಸ್ತು ನೆರೆಯವುಗಳನ್ನು ಹೋಲಿದಷ್ಟೂ ಹುಡುಕಾಟ ಕಷ್ಟ. ಅದರ ಜೊತೆಗೆ, ನೆರೆಯವುಗಳು ತಮ್ಮತಮ್ಮಲ್ಲೇ ಒಂದನ್ನೊಂದು ಹೋಲದಿದ್ದಷ್ಟೂ ಕಷ್ಟ. ಈ ಎರಡನೆಯ ಮಾತು ಕಾಫಿ ಗಿಡಕ್ಕೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ಹಸಿರೆಂಬುದು ಒಂದೇ ಹಸಿರಲ್ಲ: ಎಳೆಯ ಚಿಗುರಿನದೊಂದು, ಬಲಿತ ಎಲೆಯದೊಂದು, ಕಾಯಿಯದೊಂದು, ಇವುಗಳ ನಡುವೆ ಒಣಗಿದ ಎಲೆಯ ಕಂದು, ಸಿಲ್ವರ್ ಓಕ್ ಮರದಿಂದ ಇಳಿದ ಬಿಸಿಲಿನ ಚೂರು, ಜೊತೆಗೆ ಪೂರ್ತಿ ಹಣ್ಣೂ ಅಲ್ಲದ ಪೂರ್ತಿ ಕಾಯಿಯೂ ಅಲ್ಲದ ದೋರೆ. ದೋರೆಯದೇ ಒಂದು ವಿಶೇಷ ತೊಂದರೆ. ಮೈಕೆಲ್ ಡಿಜ್ಮುರಾ 1991ರಲ್ಲಿ ತೋರಿಸಿದ ಹಾಗೆ, ಕೆಂಪು ಮತ್ತು ಹಳದಿ ಚುಕ್ಕಿಗಳ ನಡುವೆ ಕಿತ್ತಳೆ ಬಣ್ಣದ ಚುಕ್ಕಿಯನ್ನು ಹುಡುಕುವುದು ಬಹಳ ನಿಧಾನ, ಏಕೆಂದರೆ ಕಿತ್ತಳೆ ಆ ಎರಡು ಬಣ್ಣಗಳ ನಡುವೆಯೇ ಬರುತ್ತದೆ. ಸಾಲಿನ ತುದಿಯಲ್ಲಿರುವ ಬಣ್ಣವನ್ನು ಕಣ್ಣು ಸುಲಭವಾಗಿ ಬೇರ್ಪಡಿಸಬಲ್ಲದು, ನಟ್ಟನಡುವಿನದನ್ನು ಅಲ್ಲ. ಪಳಗಿದ ಹೆಂಗಸರ ಚೀಲದಲ್ಲಿ ಪೂರ್ತಿ ಹಸಿರು ಕಾಯಿ ಕಾಣಸಿಗುವುದು ಅಪರೂಪವಾದರೂ ಒಂದಿಷ್ಟು ದೋರೆ ಯಾವಾಗಲೂ ಇರುತ್ತದೆ, ಅದಕ್ಕಾಗಿ ಮೇಸ್ತ್ರಿ ಗೊಣಗುವುದೂ ಇರುತ್ತದೆ.

ಹಾಗಾದರೆ ಎಲ್ಲವೂ ಹೊರಗಿನ ವ್ಯವಸ್ಥೆಯೇ, ನೋಡುವವರ ಪಾತ್ರ ಏನೂ ಇಲ್ಲವೇ ಎಂದರೆ, ಅಲ್ಲಿಂದ ವಿಷಯ ಇನ್ನೂ ಸ್ವಾರಸ್ಯಕರವಾಗುತ್ತದೆ. ಬರ್ಟ್ ಗ್ರೀನ್ ಮತ್ತು ಲೋಯಿಸ್ ಆಂಡರ್ಸನ್ 1956ರಲ್ಲೇ ಕಂಡುಕೊಂಡಂತೆ, ಹುಡುಕುವ ಚಿಹ್ನೆಯ ಬಣ್ಣ ಮೊದಲೇ ತಿಳಿದಿದ್ದರೆ ಹುಡುಕುವ ಸಮಯ ಮುಖ್ಯವಾಗಿ ಆ ಬಣ್ಣದ ಚಿಹ್ನೆಗಳ ಸಂಖ್ಯೆಯನ್ನು ಅವಲಂಬಿಸುತ್ತದೆ. ಬೇರೆ ಬಣ್ಣದವು ಎಷ್ಟಿದ್ದರೂ ಅವನ್ನು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1984ರಲ್ಲಿ ಹೊವರ್ಡ್ ಎಗೆತ್ ಮತ್ತು ಸಂಗಡಿಗರು ಕಪ್ಪು 'ಓ'ಗಳ ಹಾಗೂ ಕೆಂಪು 'ಎನ್'ಗಳ ನಡುವೆ ಕೆಂಪು 'ಓ' ಹುಡುಕಲು ಹೇಳಿದಾಗ, ಜನ ಕೆಂಪು ಅಕ್ಷರಗಳ ಗುಂಪನ್ನು ಮಾತ್ರ ಜಾಲಾಡಬಲ್ಲರೆಂದು ಗೊತ್ತಾಯಿತು. ಎರಡು ಗುಣಗಳನ್ನು ಜೋಡಿಸಬೇಕಾದಾಗ ಒಂದೊಂದನ್ನೇ ಕುರುಡಾಗಿ ತಡಕಬೇಕು ಎಂಬ ಟ್ರೀಸ್ಮನ್ ಅವರ ಮೊದಲ ಚಿತ್ರಕ್ಕೆ ಇದು ದೊಡ್ಡ ತಿದ್ದುಪಡಿ. ಜೆರೆಮಿ ವುಲ್ಫ್ ಮತ್ತು ಸಂಗಡಿಗರು 1989ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಕಟ್ಟಿ, ಬಣ್ಣದಂಥ ಗುಣಗಳು ಗಮನಕ್ಕೆ ದಾರಿ ತೋರುತ್ತವೆ ಎಂದರು. ಬಣ್ಣ ವಸ್ತುವನ್ನು ಹುಡುಕಿಕೊಡುವುದಿಲ್ಲ, ಎಲ್ಲೆಲ್ಲಿ ಹುಡುಕುವ ಅಗತ್ಯವಿಲ್ಲ ಎಂಬುದನ್ನು ಹೇಳಿಕೊಡುತ್ತದೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಅಂಗಡಿಯವನು ಇದನ್ನು ದಿನವೂ ಮಾಡುತ್ತಾನೆ. ನಾವು ಹಾಲು ಕೇಳುವಾಗ ಅದರ ಕೊಬ್ಬಿನ ಅಂಶವನ್ನು ಹೇಳುವುದಿಲ್ಲ, ನೀಲಿ ಪ್ಯಾಕೆಟ್ ಕೊಡಿ, ಹಸಿರು ಪ್ಯಾಕೆಟ್ ಕೊಡಿ ಎನ್ನುತ್ತೇವೆ. ಅವನ ಕೈ ಕ್ರೇಟಿನೊಳಗೆ ಹೋಗುವ ಮೊದಲೇ ಉಳಿದ ಬಣ್ಣಗಳೆಲ್ಲ ಅವನ ಮಟ್ಟಿಗೆ ಹಿಂದೆ ಸರಿದಿರುತ್ತವೆ. ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸುವವರು ಫಲಕದ ಅಕ್ಷರಗಳನ್ನು ಓದುತ್ತಾ ನಿಲ್ಲುವುದು ಕಡಿಮೆ. ಹಸಿರು ಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಹಸಿರೇ ಕರೆದುಕೊಂಡು ಹೋಗುತ್ತದೆ. ನೇರಳೆಯೂ ಹಸಿರೂ ನನಗೆ ತೊಂದರೆ ಕೊಡದ ಜೋಡಿ. ಆದರೆ ನೇರಳೆಯಲ್ಲಿರುವ ಕೆಂಪಿನ ಪಾಲು ನನ್ನ ಕಣ್ಣಿಗೆ ಸರಿಯಾಗಿ ದಕ್ಕದ ಕಾರಣ ನೇರಳೆ ಮತ್ತು ನೀಲಿ ನನಗೆ ಒಡಹುಟ್ಟಿದವು. ವಿಮಾನ ನಿಲ್ದಾಣದ ನೀಲಿ ಮಾರ್ಗ ಕೆ.ಆರ್. ಪುರದಲ್ಲಿ ನೇರಳೆ ಮಾರ್ಗವನ್ನು ಸಂಧಿಸಿದಾಗ ನಾನು ನಿಂತು ಅಕ್ಷರ ಓದುವವರ ಸಾಲಿಗೆ ಸೇರಬೇಕಾಗುತ್ತದೆ.

ಬೇಕಾದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೆಂದರೆ ಮೆದುಳಿನಲ್ಲಿ ಏನಾಗುತ್ತದೆ ಎಂಬುದಕ್ಕೂ ಒಂದಿಷ್ಟು ಉತ್ತರ ಸಿಕ್ಕಿದೆ. 2005ರಲ್ಲಿ ನಾರ್ಸಿಸ್ ಬಿಶೋ, ಆಂಡ್ರ್ಯೂ ರೊಸ್ಸಿ ಮತ್ತು ರಾಬರ್ಟ್ ಡೆಸಿಮೋನ್ ಅವರು ಕೋತಿಗಳ ಮೆದುಳಿನಲ್ಲಿ ವಿ4 ಎಂದು ಕರೆಯುವ ಭಾಗದ ನರಕೋಶಗಳನ್ನು ಆಲಿಸಿದರು. ಕೋತಿ ಕೆಂಪನ್ನು ಹುಡುಕುತ್ತಿದ್ದರೆ, ಅದರ ಕಣ್ಣು ಇನ್ನೂ ಬೇರೆಲ್ಲೋ ಇರುವಾಗಲೇ, ಕೆಂಪನ್ನು ಇಷ್ಟಪಡುವ ಕೋಶಗಳು ತಮ್ಮ ಪಾಲಿನ ಜಾಗದಲ್ಲಿ ಕೆಂಪಿದ್ದಾಗ ಹೆಚ್ಚು ಜೋರಾಗಿ, ಒಂದೇ ತಾಳಕ್ಕೆ ಮಿಡಿದವು. ಅಪ್ಪಣೆ ಒಂದು ಜಾಗಕ್ಕಲ್ಲ, ಒಂದು ಬಣ್ಣಕ್ಕೆ. ಅದು ನೋಟದ ಉದ್ದಗಲಕ್ಕೂ ಒಟ್ಟಿಗೇ ಹೋಗುತ್ತದೆ. ಪಕ್ಕದ ಸಾಲಿನ ಹೆಂಗಸಿನ ತಲೆಯಲ್ಲಿ ಇಂಥ ಅಪ್ಪಣೆ ಬೆಳಿಗ್ಗೆ ಎಂಟಕ್ಕೇ ಹೊರಟು ಸಂಜೆಯವರೆಗೂ ಜಾರಿಯಲ್ಲಿರುತ್ತಿತ್ತು ಎಂದು ಊಹಿಸುತ್ತೇನೆ.

ಆದರೆ ಆ ಅಪ್ಪಣೆಗೆ ಬೆಲೆ ತೆರಬೇಕು. 1999ರಲ್ಲಿ ಹಾರ್ವರ್ಡಿನ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಪ್ರಕಟಿಸಿದ ಗೊರಿಲ್ಲಾ ಪ್ರಯೋಗ ಈಗ ಎಲ್ಲರಿಗೂ ಗೊತ್ತು. ಬಿಳಿ ಅಂಗಿಯ ತಂಡವೊಂದು, ಕಪ್ಪು ಅಂಗಿಯ ತಂಡವೊಂದು ಚೆಂಡು ಎಸೆದಾಡುತ್ತಿರುವಾಗ ಒಂದು ತಂಡದ ಎಸೆತಗಳನ್ನು ಎಣಿಸಲು ಹೇಳಿದರೆ, ನಡುವೆ ಗೊರಿಲ್ಲಾ ವೇಷದವರೊಬ್ಬರು ಹಾದುಹೋದದ್ದು ಸುಮಾರು ಅರ್ಧದಷ್ಟು ಮಂದಿಗೆ ಕಾಣಲೇ ಇಲ್ಲ. ಕಥೆ ಹೇಳುವವರು ಬಿಟ್ಟುಬಿಡುವ ವಿವರವೊಂದು ಅದರಲ್ಲಿದೆ: ಕಪ್ಪು ತಂಡವನ್ನು ಎಣಿಸಿದವರಲ್ಲಿ ಹೆಚ್ಚು ಮಂದಿಗೆ ಗೊರಿಲ್ಲಾ ಕಂಡಿತು, ಬಿಳಿ ತಂಡವನ್ನು ಎಣಿಸಿದವರಲ್ಲಿ ಕಡಿಮೆ ಮಂದಿಗೆ. ಗೊರಿಲ್ಲಾ ಕಪ್ಪಗಿತ್ತು, ಬಿಳಿಯನ್ನು ಎಣಿಸುವವರು ಕಪ್ಪನ್ನೆಲ್ಲ ಹೊರಗಿಟ್ಟಿದ್ದರು. ನನ್ನ ಮಟ್ಟಿಗೆ ಆ ಪ್ರಯೋಗದ ಜೀವ ಇರುವುದು ಈ ವಿವರದಲ್ಲಿ.

ಬೇಡದ ಬಣ್ಣ ನಮ್ಮ ಇಷ್ಟಕ್ಕೆ ವಿರುದ್ಧವಾಗಿ ಗಮನವನ್ನು ಕಸಿಯಬಲ್ಲದೇ ಎಂಬುದು ಬಹುಕಾಲದ ಜಗಳ. ಯಾನ್ ಥೇವೆಸ್ 1992ರಲ್ಲಿ ಹೌದೆಂದರು: ಹಸಿರು ವಜ್ರಾಕೃತಿಗಳ ನಡುವೆ ಹಸಿರು ವೃತ್ತವೊಂದನ್ನು ಹುಡುಕುವಾಗ, ಸಂಬಂಧವೇ ಇಲ್ಲದ ಒಂದು ವಜ್ರಾಕೃತಿ ಕೆಂಪಗಿದ್ದರೆ ಹುಡುಕಾಟ ನಿಧಾನವಾಗುತ್ತದೆ. ಅದೇ ವರ್ಷ ಚಾರ್ಲ್ಸ್ ಫೋಕ್ ಮತ್ತು ಸಂಗಡಿಗರು, ನಾವು ಯಾವುದನ್ನು ಹುಡುಕುತ್ತಿದ್ದೇವೋ ಅದನ್ನು ಹೋಲುವುದು ಮಾತ್ರ ನಮ್ಮನ್ನು ಸೆಳೆಯುತ್ತದೆ ಎಂದರು. ಸುಮಾರು ಮೂವತ್ತು ವರ್ಷ ಎರಡೂ ಬಣಗಳು ಒಂದರ ಮೇಲೊಂದು ಪ್ರಯೋಗ ಮಾಡಿ, 2021ರಲ್ಲಿ ಇಬ್ಬರೂ ಮಧ್ಯಸ್ಥರೊಡನೆ ಕೂಡಿ ಒಂದೇ ಪ್ರಬಂಧ ಬರೆದು, ರಾಚುವ ಬಣ್ಣವನ್ನು ಅಭ್ಯಾಸದಿಂದ ಅದುಮಿಡುವುದೂ ಸಾಧ್ಯವೆಂಬಲ್ಲಿಗೆ ಬಂದು ನಿಂತರು. ನಾನು ಫೋಕ್ ಅವರ ಕಡೆಗೇ ವಾಲುವವನು, ನನ್ನ ಕಣ್ಣನ್ನು ಸಾಕ್ಷಿಯಾಗಿ ಕರೆಯುವ ಯೋಗ್ಯತೆ ನನಗಿಲ್ಲದಿದ್ದರೂ.

ಇಂಥ ಕಣ್ಣಿಗೂ ಒಂದು ಪಾಲು ಉಂಟೆಂದು ಆಮೇಲೆ ತಿಳಿಯಿತು. ಮಧ್ಯ ಅಮೆರಿಕದ ಕೋಸ್ಟರಿಕಾದ ಕಾಡಿನಲ್ಲಿ ಬಿಳಿಮೋರೆಯ ಕಪುಚಿನ್ ಕೋತಿಗಳಿವೆ. ಅವುಗಳಲ್ಲಿ ಗಂಡುಗಳೆಲ್ಲ ಎರಡೇ ಬಗೆಯ ಶಂಕು ಕೋಶದವು, ಹೆಣ್ಣುಗಳಲ್ಲಿ ಕೆಲವಕ್ಕೆ ಮಾತ್ರ ಮೂರು ಬಗೆ. ಅಮಾಂಡಾ ಮೆಲಿನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದಂತೆ, ಎಲೆಯ ಬಣ್ಣದಲ್ಲಿ ಅಡಗಿ ಕೂತ ಹುಳುಗಳನ್ನು ಹಿಡಿಯುವುದರಲ್ಲಿ ಎರಡು ಬಗೆಯ ಕೋಶದ ಕೋತಿಗಳೇ ಮುಂದು. ಮನುಷ್ಯರಲ್ಲೂ ಅಂಥದೇ ಫಲಿತಾಂಶ 1992ರಲ್ಲಿ ಬಂದಿತ್ತು: ಬಣ್ಣದ ಗದ್ದಲದಿಂದ ಮರೆಮಾಡಿದ ಆಕಾರವನ್ನು ಮೂರು ಬಗೆಯ ಕೋಶದವರಿಗಿಂತ ಎರಡು ಬಗೆಯ ಕೋಶದವರು ಚೆನ್ನಾಗಿ ಕಂಡರು. ಬಣ್ಣ ಅವರ ಗಮನವನ್ನು ಅತ್ತಿತ್ತ ಎಳೆಯದ ಕಾರಣ ಅವರಿಗೆ ಆಕಾರವೇ ಗತಿ. ನನ್ನದು ಎರಡೂ ಅಲ್ಲದ, ಮೂರೂ ಅಲ್ಲದ ದೋರೆ ಸ್ಥಿತಿ. ಆದರೂ ತೋಟದಲ್ಲಿ ಎಲೆಗಳನ್ನೇ ಹೊಲಿದು ಕಟ್ಟಿದ ಚಗಳಿ ಇರುವೆಯ ಗೂಡು ಮೊದಲು ಕಾಣುತ್ತಿದ್ದದ್ದು ನನಗೇ. ಹಸಿರಿನೊಳಗಿನ ಹಸಿರು ಉಂಡೆ, ಹಣ್ಣಿನ ಕೆಂಪಿಗೆ ಕಣ್ಣು ಕೊಟ್ಟವರು ಅದಕ್ಕೆ ಕೈ ಹಾಕಿ ಕಚ್ಚಿಸಿಕೊಂಡದ್ದುಂಟು. ಒಂದೆರಡು ಗೂಡುಗಳಿಂದ ಸಿದ್ಧಾಂತ ಕಟ್ಟಬಾರದೆಂದು ನನಗೂ ಗೊತ್ತು, ಆದರೆ ಆ ವರ್ಷ ನನಗೆ ದಕ್ಕಿದ ಮರ್ಯಾದೆ ಅಷ್ಟೇ.

ನನ್ನಂಥವರನ್ನು ನೆನಪಿಟ್ಟುಕೊಂಡ ಒಂದು ಸರಕಾರಿ ನಿರ್ಧಾರವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇದ್ದ ಕಾಲದಲ್ಲಿ ಎರಡನ್ನೂ ಬೇರ್ಪಡಿಸಲು ನಾನು ಪೊಟ್ಟಣವನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಕಂದು ಚುಕ್ಕೆಯನ್ನು ತ್ರಿಕೋನವಾಗಿಸಿದವು. ಈಗ ಆಕಾರವೇ ಹೇಳುತ್ತದೆ.

ಕಳೆದ ಕೊಯ್ಲಿಗೆ ಮತ್ತೆ ತೋಟಕ್ಕೆ ಹೋಗಿದ್ದಾಗ ಫೋನಿನಲ್ಲಿ ಬಣ್ಣ ತಿದ್ದುವ ಸೌಲಭ್ಯವಿದೆ ಎಂಬುದು ನೆನಪಾಯಿತು. ಕೆಂಪು–ಹಸಿರಿನ ಅಂತರವನ್ನು ಅದು ನಮಗೆ ಕಾಣುವ ಬೇರೆ ಬಣ್ಣಗಳತ್ತ ತಳ್ಳುತ್ತದೆ. ಅದನ್ನು ಚಾಲೂ ಮಾಡಿ, ಕ್ಯಾಮೆರಾ ತೆರೆದು, ಗಿಡದ ಮುಂದೆ ಹಿಡಿದೆ. ಪರದೆಯ ತುಂಬ, ಒಂದೇ ಸಲಕ್ಕೆ, ಹಣ್ಣುಗಳು ಎದ್ದು ನಿಂತವು. ಒಂದು ಕೊಂಬೆಯಲ್ಲಿ ಇಷ್ಟೊಂದು ಇರುತ್ತವೆಂದು ನನಗೆ ತಿಳಿದೇ ಇರಲಿಲ್ಲ. ಫೋನು ಕೆಳಗಿಳಿಸಿದರೆ ಮಾಯ, ಎತ್ತಿದರೆ ಪ್ರತ್ಯಕ್ಷ. ಹೀಗೆ ನಾಲ್ಕಾರು ಸಲ ಎತ್ತಿ ಇಳಿಸಿ ಮಾಡುತ್ತಿದ್ದಾಗ ಪಕ್ಕದ ಸಾಲಿನಿಂದ ಹೆಂಗಸೊಬ್ಬಳು, "ಫೋಟೋ ತೆಗೀತಿದ್ದೀರಾ ಅಣ್ಣಾ?" ಎಂದು ಕೇಳಿದಳು. "ಇಲ್ಲಮ್ಮ, ಹಣ್ಣು ನೋಡ್ತಿದ್ದೀನಿ" ಎಂದೆ. ಅವಳು ನನ್ನ ಮುಖವನ್ನೊಮ್ಮೆ, ಗಿಡವನ್ನೊಮ್ಮೆ ನೋಡಿ, ನಾನು ಫೋನು ಹಿಡಿದಿದ್ದ ಕೊಂಬೆಯ ಹಣ್ಣನ್ನೆಲ್ಲ ಎರಡೇ ಹಿಡಿತಕ್ಕೆ ಬಿಡಿಸಿ ನನ್ನ ಚೀಲಕ್ಕೆ ಹಾಕಿ ಮುಂದಿನ ಗಿಡಕ್ಕೆ ಹೋದಳು.